ಬೇವಿನ ಮರದ ಆಚೆಗೆ

ಮೊನ್ನೆ ಸಂಜೆ ಪಂಕ್ಚರ್ ಹಾಕಿಸಲು ಸೈಕಲ್ ಅಂಗಡಿಯ ಮುಂದೆ ನಿಂತಿದ್ದೆ. ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ನಿಮಗೆ ಗೊತ್ತಲ್ಲ? ಮೂಗಿಗೆ ಚುರ್ ಎನ್ನುತ್ತದೆ, ಆದರೂ ಇನ್ನೊಮ್ಮೆ ಎಳೆದುಕೊಳ್ಳೋಣ ಅನ್ನಿಸುತ್ತದೆ. ನಾನು ಆ ಗುಂಗಿನಲ್ಲಿದ್ದಾಗ ಅಂಗಡಿ ನಡೆಸುವ ಫರ್ಜಾನಾ ನನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡ್ ಅಲ್ಲಾಡಿಸಿ ನೋಡಿದಳು. "ಸರ್, ಇದು ಲಡಲಡ ಅಂತೈತೆ. ಬಿಗಿ ಮಾಡ್ಲಾ?" ಎಂದು ಸ್ಪ್ಯಾನರ್ ಕೈಗೆತ್ತಿಕೊಂಡಳು. ನಾನು ಕೈ ಅಡ್ಡ ಹಿಡಿದೆ.

ಯಾಕೆಂದು ಹೇಳಬೇಕಾದರೆ ಅವಳ ಅಪ್ಪ ಬಾಷಾ ಸಾಬರ ವಿಷಯ ಹೇಳಬೇಕು. ಚಿತ್ರದುರ್ಗದಲ್ಲಿ ನಲವತ್ತು ವರ್ಷ ಸೈಕಲ್ ರಿಪೇರಿ ಮಾಡಿದವರು ಸೈಕಲ್ ತುಳಿದದ್ದು ಮಾತ್ರ ಬೀದಿಯ ಕೊನೆಯ ಬೇವಿನ ಮರದವರೆಗೆ. ರಿಪೇರಿ ಮುಗಿದ ಮೇಲೆ ಟ್ರಯಲ್ ನೋಡಲು ಮರದ ತನಕ ಹೋಗುವುದು, ತಿರುಗಿ ಬರುವುದು, ಅಷ್ಟೇ. ಆದರೂ ಸುತ್ತಲಿನ ದಾರಿಗಳೆಲ್ಲ ಅವರಿಗೆ ಗೊತ್ತಿದ್ದವು, ಚಕ್ರಕ್ಕೆ ಮೆತ್ತಿದ ಮಣ್ಣಿನಿಂದ. ಕೆಂಪು ಮಣ್ಣನ್ನು ಉಗುರಲ್ಲಿ ಕೆರೆದು, "ಇದು ಹೊಳಲ್ಕೆರೆ ಕಡೀದು" ಎನ್ನುವರು. ಕೆರೆದರೂ ಬಿಡದ ಎರೆಮಣ್ಣು ಕಂಡರೆ, "ಹಿರಿಯೂರು, ಇನ್ಯಾವ್ದು!" ಎಂದು ಬೈಯುವರು. ಭೂಗೋಳ ಪಾಠ ಮಾಡಿ ನಿವೃತ್ತನಾದ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದೆ. ನನ್ನ ಮಡ್‌ಗಾರ್ಡಿನ ಬಗ್ಗೆ ಮಾತ್ರ ಅವರದು ಒಂದೇ ಉತ್ತರ: "ನಾಳೆ ತರ್ರಿ ಮೇಷ್ಟ್ರೇ, ಮಾಡಾಣ." ಆ ನಾಳೆ ಎರಡು ವರ್ಷವಾದರೂ ಬಂದಿರಲಿಲ್ಲ.

ನಾಲ್ಕು ಬೇಸಿಗೆಗಳ ಹಿಂದೆ ಒಂದು ದಿನ ಚಹಾ ಕುಡಿಯುತ್ತಾ ಅವರೇ ಮಾತು ತೆಗೆದರು. "ಕಣ್ಣಿನ ನರ ಒಣಗ್ತಾ ಐತಂತೆ. ಈಗ್ಲೇ ಮಬ್ಬುಗತ್ಲಾದ್ರೆ ಏನೂ ಕಾಣಲ್ಲ. ಮುಂದಿನ ಬ್ಯಾಸಿಗಿಗೆ ಹಗ್ಲೂ ಅಷ್ಟೇ ಅಂದ್ರು ಡಾಕ್ಟ್ರು." ಲೋಟ ಕೆಳಗಿಟ್ಟು ಮುಂದುವರಿಸಿದರು. "ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ವಾಪಸ್ ದುರ್ಗ. ಒಂದೇ ದಿನ, ಸೈಕಲ್ ಮ್ಯಾಲೆ. ಕಣ್ಣಿರಾಗ್ಲೇ ನೋಡ್ಬೇಕು. ಬರ್ತೀರಾ?"

ನಾನು ಜೋಗಿಮಟ್ಟಿ ಗುಡ್ಡದ ಬುಡ ಮುಟ್ಟಿ ಬಂದು, ನೆತ್ತಿ ಹತ್ತಿದೆನೆಂದು ಹತ್ತು ಜನರಿಗೆ ಹೇಳುವ ಆಸಾಮಿ. ಇಲ್ಲ ಎನ್ನುವ ಹಾಗಿರಲಿಲ್ಲ. ನೂರೈವತ್ತು ಕಿಲೋಮೀಟರ್ ಮೀರುತ್ತದೆಂದು ಲೆಕ್ಕ ಹಾಕಿದ್ದು ಒಪ್ಪಿಕೊಂಡ ಮೇಲೆ.

ಬೆಳಕು ಹರಿಯುವುದನ್ನೇ ಕಾದು ಹೊರಟೆವು. ಬೇವಿನ ಮರ ದಾಟುವಾಗ ಸಾಬರು ಒಮ್ಮೆ ಬ್ರೇಕ್ ಹಿಡಿದರು, ಅಭ್ಯಾಸಬಲ. ಹೊಳಲ್ಕೆರೆಯ ಹತ್ತಿರ ಇಳಿದು ಕೆಂಪು ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿದರು. ಏರು ಬಂದಲ್ಲೆಲ್ಲ ನಾನು ಇಳಿದು ನೂಕಿದೆ. ನನಗಿಂತ ಎರಡು ವರ್ಷ ದೊಡ್ಡವರಾದ ಅವರು ಇಳಿಯಲಿಲ್ಲ. "ಮೇಷ್ಟ್ರೇ, ಆ ಗುಡ್ಡದ ಹೆಸರೇನು? ಆ ಕೆರೆ ಯಾವ್ದು?" ಎಂದು ಕೇಳುತ್ತಲೇ ತುಳಿದರು. ಗೊತ್ತಿಲ್ಲದ ಕಡೆ ನಾನೇ ಒಂದು ಹೆಸರಿಟ್ಟೆ, ಹಳೆಯ ಮೇಷ್ಟ್ರ ಚಾಳಿ.

ಹೊಸದುರ್ಗ ಬಿಟ್ಟ ಮೇಲೆ ಬಿಸಿಲು ನೆತ್ತಿ ಸುಡುತ್ತಿತ್ತು. ಇನ್ನೊಂದು ತಾಸಿಗೆ ಎದುರಿನ ಗುಡ್ಡದ ಹಿಂದಿನಿಂದ ಕರಿಮೋಡ ಎದ್ದಿತು. ಸರಿಯಾಗಿ ಏರಿನ ನಡುವೆ ಸಾಬರ ಹಿಂದಿನ ಚಕ್ರಕ್ಕೆ ಜಾಲಿಮುಳ್ಳು ಚುಚ್ಚಿತು. ಚೀಲ ಬಿಚ್ಚಿದರು, ಸ್ಪ್ಯಾನರ್, ಪ್ಯಾಚು, ಸೊಲ್ಯೂಷನ್, ಉಜ್ಜುವ ಕಾಗದ ಎಲ್ಲ ಇದ್ದವು. ಹನಿ ಬೀಳದಂತೆ ನಾನು ಟವೆಲ್ ಹಿಡಿದೆ. ಪ್ಯಾಚ್ ಚೊಕ್ಕವಾಗಿ ಕೂತಿತು. ಆಮೇಲೆ ಅವರ ಬಲಗೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿತು, ಅಂಗಡಿಯಲ್ಲಿ ಪಂಪು ನಿಲ್ಲಿಸುವ ಕಡೆಗೆ. ಅಲ್ಲಿದ್ದದ್ದು ಬರೀ ಹುಲ್ಲು.

"ಅಯ್ಯೋ ಅಲ್ಲಾ! ಪಂಪು ಬಾಗ್ಲಾಗ ಸರಪಣಿಗೈತೆ ಮೇಷ್ಟ್ರೇ!"

ಗಿರಾಕಿಗಳು ಒಯ್ಯಬಾರದೆಂದು ಅವರೇ ಸರಪಣಿ ಹಾಕಿ ಬೀಗ ಜಡಿದ ಪಂಪು. ನನಗೆ ನಗು ಬಂತು, ಹಿಂದೆಯೇ ಸಿಟ್ಟೂ ಬಂತು. ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಹಾಲುರಾಮೇಶ್ವರದಿಂದ ಪೂಜೆ ಮುಗಿಸಿ ಬರುತ್ತಿದ್ದ ಟೆಂಪೋ ಒಂದು ನಿಂತು, ಡ್ರೈವರ್ ಕೂಗಿದ. "ಹತ್ರಿ ಅಜ್ಜಾ, ಸೈಕಲ್ ಮ್ಯಾಲಾಕಾಣ. ಹಿರಿಯೂರಿಗೆ ಬಿಡ್ತೀನಿ."

ಸುಳ್ಳು ಯಾಕೆ, ನನ್ನ ಒಂದು ಕಾಲು ಆಗಲೇ ಟೆಂಪೋದ ಮೇಲಿತ್ತು. ಸಾಬರು ಅಲುಗಲಿಲ್ಲ. "ನೀವು ಹೋಗ್ರಿ ಮೇಷ್ಟ್ರೇ, ನಂಗೆ ಬ್ಯಾಸ್ರಿಲ್ಲ. ಗಾಡಿ ಹತ್ತಿದ್ರೆ ನಾನು ಬಂದಂಗಾಗಲ್ಲ. ಇನ್ನೊಂದ್ಸಲ ಬರಾಕೆ ನಂಗೆ ಬ್ಯಾಸಿಗಿ ಎಲ್ಲೈತೆ?"

ನಾನು ಕಾಲು ಇಳಿಸಿದೆ. ಟೆಂಪೋ ಹೋಯಿತು. ಟವೆಲನ್ನು ಇಬ್ಬರೂ ತಲೆಯ ಮೇಲೆ ಹಂಚಿಕೊಂಡು ಒಂದು ತಾಸು ಸೈಕಲ್ ನೂಕಿದೆವು. ಏರು ಮುಗಿದಲ್ಲಿ ಸಿಕ್ಕ ಮೊದಲ ಮನೆಯ ಹೆಂಗಸು, "ಪಂಪ್ ಐತೆ, ಒಳಗ್ ಬರ್ರಿ, ಕುಂತ್ಕಳ್ರಿ" ಎಂದು ಬಿಸಿ ಚಹಾ ಕೊಟ್ಟಳು. ಚಕ್ರಕ್ಕೆ ಗಾಳಿ ತುಂಬಿದ್ದಾಯಿತು. ಆದ ತಡ ಸಾಲದೆಂಬಂತೆ ಸಾಬರು ಅವಳ ಸೈಕಲ್ಲಿನ ಸಡಿಲ ಬ್ರೇಕನ್ನೂ ಬಿಗಿ ಮಾಡುತ್ತ ಕೂತರು. "ನನ್ನ ಮಡ್‌ಗಾರ್ಡ್?" ಎಂದೆ. "ನಾಳೆ" ಎಂದರು. ನನಗೆ ಅವರನ್ನು ಅಲ್ಲೇ ಬಿಟ್ಟು ಹೋಗುವಷ್ಟು ರೇಗಿತ್ತು.

ಹಿರಿಯೂರಿನ ಎರೆಮಣ್ಣು ಮಳೆಗೆ ನೆಂದು ಚಪ್ಪಲಿಗೆ ಹತ್ತಿದಾಗ ಅವರು ಹಿಗ್ಗಿದ ಹಿಗ್ಗು ಹೇಳತೀರದು. ಆದರೆ ಹೊತ್ತು ಕಳೆದುಹೋಗಿತ್ತು. ಐಮಂಗಲದ ಆಚೆ ಎದುರುಗಾಳಿ. ಗುಡ್ಡದ ಮೇಲಿನ ಗಾಳಿಫ್ಯಾನುಗಳೆಲ್ಲ ನಮಗೆ ಬೆನ್ನು ತೋರಿಸಿ ತಿರುಗುತ್ತಿದ್ದವು. ಎಷ್ಟು ತುಳಿದರೂ ದಾರಿ ಸಾಗದು. ಹೊತ್ತು ಮುಳುಗಿತು. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಸಾಬರು ನಿಂತುಬಿಟ್ಟರು.

"ಮೇಷ್ಟ್ರೇ, ರಸ್ತೆ ಹೋತು ನಂಗೆ."

ನನಗೆ ಹೆದರಿಕೆಯಾಯಿತು. ಫೋನ್ ತೆಗೆದು, ಫರ್ಜಾನಾಗೆ ಆಟೋ ತರಲು ಹೇಳುತ್ತೇನೆಂದೆ. ಅವರು ನನ್ನ ಕೈ ಹಿಡಿದರು. "ಎಷ್ಟು ದೂರೈತೆ?" ಹತ್ತು ಕಿಲೋಮೀಟರ್ ಎಂದೆ. "ನಿಮ್ ಮಡ್‌ಗಾರ್ಡ್ ಕೇಳ್ತೈತಲ್ಲ, ಸಾಕು. ನೀವು ಮುಂದೆ ಹೋಗ್ರಿ. ಹಂಪ್ ಬಂದ್ರೆ ಬೆಲ್ ಹೊಡೀರಿ."

ಹಾಗೆಯೇ ಹೊರಟೆವು. ಬೇಕೆಂದೇ ಚಕ್ರವನ್ನು ಸಣ್ಣ ಗುಂಡಿಗಳಿಗೆ ಇಳಿಸಿದೆ, ಸದ್ದು ನಿಲ್ಲಬಾರದಲ್ಲ. ಎರಡು ವರ್ಷ ನಾನು ಶಪಿಸಿದ ಆ ಲಡಲಡ ಎಲ್ಲಿ ನಿಂತೀತೋ ಎಂದು ಜೀವ ಕೈಯಲ್ಲಿ ಹಿಡಿದಿದ್ದೆ. ಹಿಂದೆ ಅವರ ಏದುಸಿರು ಕೇಳುತ್ತಿತ್ತು. ನಮ್ಮ ಬೀದಿಗೆ ತಿರುಗಿದಾಗ ಕೇಳಿದರು, "ಮರ ಬಂತಾ?"

"ಬಂತು."

"ಹಂಗಾರೆ ಪಕ್ಕಕ್ಕೆ ಸರೀರಿ."

ಕತ್ತಲಲ್ಲಿ ನನ್ನನ್ನು ಹಿಂದೆ ಹಾಕಿ, ಬೆಲ್ಲು ಹೊಡೆಯುತ್ತ, ಸಾವಿರಾರು ಸಲ ತುಳಿದ ಆ ದಾರಿಯಲ್ಲಿ ಸಾಬರು ನೆಟ್ಟಗೆ ಅಂಗಡಿಯ ಬಾಗಿಲಿಗೆ ಹೋಗಿ ಇಳಿದರು. ನಾನು ಮರದ ಕೆಳಗೆ ನಿಂತು ಅತ್ತೆ.

"ಸರ್?" ಫರ್ಜಾನಾ ಸ್ಪ್ಯಾನರ್ ಹಿಡಿದು ಇನ್ನೂ ಕಾಯುತ್ತಿದ್ದಳು.

"ಬೇಡಮ್ಮ, ಅದು ಹಾಗೇ ಇರಲಿ" ಎಂದೆ. ಸೈಕಲ್ಲನ್ನು ಬೀದಿಗಿಳಿಸಿದಾಗ ಮಡ್‌ಗಾರ್ಡ್ ಲಡ್ ಎಂದಿತು. ಅಂಗಡಿಯ ಒಳಗೆ, ಮಂಚದ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಬಾಷಾ ಸಾಬರು ಮುಖ ಎತ್ತಿದರು.

"ಮೇಷ್ಟ್ರಾ? ಇನ್ನೂ ಬಿಗಿ ಮಾಡ್ಸಿಲ್ವಾ? ನಾಳೆ ತರ್ರಿ, ಮಾಡಾಣ."

"ನಾಳೆ ತರ್ತೀನಿ ಸಾಬ್ರೇ" ಎಂದೆ.