ಫೋನಿಟ್ಟವಳು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನೆತ್ತಿ ಸಮಯ ಗೊತ್ತುಮಾಡಿಕೊಡುವ ಕೆಲಸಕ್ಕೆ ಅವಳು ಸೇರಿ ಹನ್ನೊಂದು ವರ್ಷವಾಗಿತ್ತು. ಬಹಳ ಚುರುಕು ಎಂದು ಡಾಕ್ಟರು ಬಂದವರೆದುರು ಹೊಗಳಿದರೆ ಒಳಗೊಳಗೇ ಉಬ್ಬುತ್ತಿದ್ದಳು. ಎರಡು ಬೆಂಚು, ಮೀನಿಲ್ಲದೊಂದು ಮೀನಿನ ತೊಟ್ಟಿ ಇದ್ದ ಆ ಮುಂದಿನ ಕೋಣೆಯಲ್ಲಿ ಅವಳದೇ ರಾಜ್ಯಭಾರ. ಮೊದಲೇ ಫೋನು ಮಾಡದೆ ಬಂದವರು ಎಂಥವರಾದರೂ ಒಳಗೆ ಹೋಗುವಂತಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಗಂಡಸಿನ ದನಿಯೊಂದು ಎಳೆದೆಳೆದು, ಗಂಟಲಲ್ಲೇ ಉರುಳಾಡಿದಂತೆ ಏನೋ ಹೇಳಿತು. ಬೆಳ್ಳಂಬೆಳಿಗ್ಗೆಯೇ ಏರಿಸಿಕೊಂಡಿದ್ದಾನೆ ಎಂದುಕೊಂಡು ಫೋನಿಟ್ಟಳು. ಹತ್ತು ದಿನದಲ್ಲಿ ಅದೇ ದನಿ ಆರು ಸಲ ಬಂತು, ಆರು ಸಲವೂ ಇಟ್ಟಳು. ಕೊನೆಯ ಸಲವಂತೂ, "ಇಳಿದ ಮೇಲೆ ಫೋನ್ ಮಾಡಿ" ಎಂದು ರೇಗಿದಳು. ಅಂದು ಊಟಕ್ಕೆ ಕೂತಾಗ ಆ ದನಿಯನ್ನು ಅಣಕಿಸಿ ತೋರಿಸಿದಳು. ಗಂಡನಿಗೆ ನಕ್ಕು ನಕ್ಕು ನೆತ್ತಿಗೆ ಹತ್ತಿತು. ಅತ್ತೆ ಮಾತ್ರ, ಯಾರೋ ಏನೋ ಪಾಪ ಎಂದು ತಟ್ಟೆ ತೆಗೆದುಕೊಂಡು ಎದ್ದರು.

ಮರುದಿನ ಕೆನ್ನೆ ಊದಿದವರೊಬ್ಬರು ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದರು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಮುದ್ರಣಾಲಯದಲ್ಲಿ ಕರಡು ತಿದ್ದುವವರು ಎಂದು ಆಮೇಲೆ ಗೊತ್ತಾಯಿತು. ಅವರು ಬಾಯಿ ತೆರೆದದ್ದೇ ತಡ, ಫೋನಿನ ಆ ದನಿ ಇವರದೇ ಎಂದು ಅವಳಿಗೆ ಗೊತ್ತಾಯಿತು. ಹುಟ್ಟಿನಿಂದಲೇ ನಾಲಿಗೆ ಅವರ ಮಾತು ಕೇಳುತ್ತಿರಲಿಲ್ಲ, ಅಷ್ಟೇ. ಬೇರೇನೂ ಕೇಳದೆ ಅವರನ್ನು ಒಳಗೆ ಕಳಿಸಿದಳು.

ವಾರದ ಹಿಂದೆ ಬಂದಿದ್ದರೆ ಹಲ್ಲು ಉಳಿಯುತ್ತಿತ್ತು, ಯಾಕೆ ತಡಮಾಡಿದಿರಿ ಎಂದು ಡಾಕ್ಟರು ಗದರುವುದು ಬಾಗಿಲಾಚೆಗೂ ಕೇಳಿಸಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅವರು ಹೊರಗೆ ಬಂದಾಗ ಅವಳು ಎದ್ದು ನಿಂತಳು.

"ಸರ್, ಫೋನ್ ಇಟ್ಟಿದ್ದು ನಾನೇ. ಕುಡಿದಿದ್ದೀರಿ ಅಂದ್ಕೊಂಡೆ."

ಅವರು ಮೇಜಿನ ಮೇಲಿದ್ದ ಚೀಟಿಯನ್ನು ಎಳೆದುಕೊಂಡು ಬರೆದರು: 'ಅದು ಫೋನಿನಲ್ಲೇ ಗೊತ್ತಾಯಿತು. ನಿಮ್ಮ ಧ್ವನಿ ಸ್ಪಷ್ಟವಾಗಿದೆ.' ಕ್ಷಮಿಸಿದ್ದೇನೆ ಎಂದೇನೂ ಬರೆಯಲಿಲ್ಲ.

ಸಂಜೆ ಡಾಕ್ಟರಿಗೆ ನಡೆದದ್ದನ್ನೆಲ್ಲ ಹೇಳಿದಳು, ಮನೆಯಲ್ಲಿ ಅಣಕಿಸಿದ್ದೊಂದನ್ನು ಬಿಟ್ಟು. ಮರುವಾರ ಡಾಕ್ಟರು ಮೆಸೇಜಿನಲ್ಲೂ ಸಮಯ ಕೇಳಬಹುದೆಂದು ಬೋರ್ಡಿನಲ್ಲಿ ನಂಬರು ಬರೆಸಿದರು. ಇನ್ನು ಫೋನು ಮಾಡಿ ಕಷ್ಟಪಡಬೇಕಿಲ್ಲ ಎಂದು ಅವಳೇ ಕರಡು ತಿದ್ದುವವರಿಗೆ ಮೆಸೇಜು ಹಾಕಿದಳು. ಒಂದಿಷ್ಟು ಹಗುರಾಯಿತು ಅನ್ನಿಸಿತು.

ಅವರು ಫೋನೇ ಮಾಡಿದರು. ಹೇಳಿದ್ದು ಅರ್ಥವಾಗಲು ಅವಳು ಮೂರು ಸಲ ಕೇಳಬೇಕಾಯಿತು.

"ಮೆಸೇಜು ಬೇಕಾದವರಿಗೆ ಇರಲಿ. ನಂಗೆ ಮಾತಾಡೋದೇ ಇಷ್ಟ. ನೀವು ಕೇಳಿಸ್ಕೊಂಡ್ರೆ ಸಾಕು."

ಬೆಂಚಿನ ಮೇಲಿದ್ದವರು ಗಡಿಯಾರ ನೋಡುತ್ತಿದ್ದರು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು, ಗುರುವಾರ ನಾಲ್ಕು ಗಂಟೆ ಎಂಬುದು ಗೊತ್ತಾಗುವವರೆಗೂ ಕೇಳಿದಳು. ಈಗಲೂ ವರ್ಷಕ್ಕೆರಡು ಸಲ ಆ ಕರೆ ಬರುತ್ತದೆ. ಮೊದಲು ಅವಳ ಮುಖ ಬಿಸಿಯಾಗುತ್ತದೆ, ಮಾತು ಆಮೇಲೆ ಅರ್ಥವಾಗುತ್ತದೆ.