ಹುಳುಮನೆಯ ಪಕ್ಕದ ಬಾಂಬರ್

ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಅಣ್ಣ, ಅತ್ತಿಗೆ ರೇಷ್ಮೆ ಹುಳು ಸಾಕುತ್ತಾರೆ. ನಾನು ಅದೇ ಮನೆಯಲ್ಲಿದ್ದುಕೊಂಡು ಚಿಂತಾಮಣಿಯ ಹೈಸ್ಕೂಲಿಗೆ ಪಾಠ ಮಾಡಲು ಹೋಗಿಬರುತ್ತೇನೆ. ರಜೆ ಸಿಕ್ಕಿದರೆ ರಷ್ಯಾದ ಹಳೆಯ ಬಾಂಬರ್ ವಿಮಾನಗಳ ಮಾದರಿ ಕಟ್ಟುತ್ತೇನೆ. ಚಿಕ್ಕಂದಿನಲ್ಲಿ ನಮ್ಮ ಪುಸ್ತಕಗಳಿಗೆಲ್ಲ ರಷ್ಯಾದ ಬಣ್ಣದ ಪತ್ರಿಕೆಯ ಹಾಳೆಯದೇ ಬೈಂಡು. ಆ ನುಣುಪು ಹಾಳೆಗಳಲ್ಲಿದ್ದ ವಿಮಾನದ ಚಿತ್ರಗಳು ಇನ್ನೂ ತಲೆಯಿಂದ ಇಳಿದಿಲ್ಲ.

ಹೋದ ಮಳೆಗಾಲದಲ್ಲಿ ಕೈಲಿದ್ದದ್ದು ಟಿಯು-95 ಎಂಬ ಬಾಂಬರ್. ರೆಕ್ಕೆ ಕೂಡಿಸಿದರೆ ಎರಡಡಿಗೂ ಮೀರಿ ಚಾಚಿಕೊಳ್ಳುವ ದೊಡ್ಡ ಮಾದರಿ. ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಉಜ್ಜಿ ಮುಗಿದಿತ್ತು. ಬೆಳ್ಳಿ ಬಣ್ಣವೊಂದೇ ಬಾಕಿ. ಬಣ್ಣವನ್ನು ಯಾವಾಗಲೂ ತಾರಸಿಯ ಮೇಲೆ ಹೊಡೆಯುತ್ತಿದ್ದೆ. ಆ ಭಾನುವಾರ ಜಡಿಮಳೆ. ತಡೆಯಲಾರದೆ ರೂಮಿನಲ್ಲೇ ಥಿನ್ನರ್ ಬೆರೆಸಿ ಸ್ಪ್ರೇ ಮಾಡಿದೆ. ವಾಸನೆ ಹೋಗಲೆಂದು ಹಿಂದಿನ ಕಿಟಕಿ ತೆರೆದು ಫ್ಯಾನನ್ನು ಅತ್ತ ತಿರುಗಿಸಿದೆ. ಕಿಟಕಿಯಾಚೆಯೇ ಹುಳುಮನೆ. ಗೊತ್ತಿರಲಿಲ್ಲ ಎನ್ನುವಂತಿಲ್ಲ, ಹುಳುವಿನ ಬೆಳೆ ಇರುವಾಗ ವಾಸನೆ ತಾಗೀತೆಂದು ಗೋಡೆಗೆ ಬಣ್ಣ ಬಳಿಯಲೂ ಬಿಡದ ಮನೆ ನಮ್ಮದು. ಸ್ವಲ್ಪ ಹೊತ್ತು ತಾನೆ ಅಂದುಕೊಂಡೆ.

ಬೆಳಿಗ್ಗೆ ಅತ್ತಿಗೆಯ ಕೂಗಿಗೆ ಓಡಿದೆ. ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳುಗಳು ಸೊಪ್ಪು ಬಿಟ್ಟು, ತಲೆ ಎತ್ತಿ, ಹಸಿರು ನೀರು ಕಾರುತ್ತಿದ್ದವು. ನನ್ನ ಕಿಟಕಿಗೆ ಹತ್ತಿರದ ಸಾಲಿನಲ್ಲಿ ಆಗಲೇ ಸತ್ತು ಬಿದ್ದಿದ್ದವು.

"ಅತ್ತಿಗೆ, ನಿನ್ನೆ ನಾನು ಬಣ್ಣ ಹೊಡೆದೆ," ಎಂದೆ.

ಅಣ್ಣ ನನ್ನ ಮುಖ ನೋಡಿ, "ಆಟದ ಸಾಮಾನಿಗೇನೋ?" ಎಂದವನು ಹೊರಗೆ ಹೋಗಿಬಿಟ್ಟ. ಅತ್ತಿಗೆ ಬುಟ್ಟಿ ತಂದರು. ನಾವಿಬ್ಬರೂ ಸತ್ತದ್ದನ್ನು ಅದಕ್ಕೆ ತುಂಬಿ ಗುಂಡಿಗೆ ಸುರಿದೆವು. ಅತ್ತಿಗೆಯ ಬೆರಳು ಬದುಕಿದ ಹುಳುವನ್ನು ಹುಡುಕಿ ಹುಡುಕಿ ಬೇರೆ ಇಡುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಊರವರು ವಿಚಾರಿಸಿದಾಗ ಅತ್ತಿಗೆ, "ಪಕ್ಕದ ದ್ರಾಕ್ಷಿ ತೋಟದ ಔಷಧಿ ಸೊಪ್ಪಿಗೆ ಬಿದ್ದಿತ್ತೇನೋ," ಎಂದರಂತೆ. ನನ್ನ ಮರ್ಯಾದೆ ಉಳಿಸಲು ಆಡಿದ ಮಾತು. ಸಂಜೆಗೆ ತೋಟದಾತ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ಈ ಮಳೇಲಿ ಔಷಧಿ ಯಾರು ಹೊಡೀತಾರೆ? ದೇವರಾಣೆಗೂ ನಾನಲ್ಲ ಕಣಕ್ಕ."

ಅತ್ತಿಗೆ ತಲೆ ತಗ್ಗಿಸಿದರು. ಒಳಗೆ ಕೂತಿದ್ದ ನಾನು ಎದ್ದು ಬಂದು, "ನಿಮ್ಮದೇನೂ ತಪ್ಪಿಲ್ಲ. ನನ್ನ ಬಣ್ಣದಿಂದ ಆಗಿದ್ದು," ಎಂದೆ. ನಂಬದ ಅವನನ್ನು ರೂಮಿಗೆ ಕರೆದೊಯ್ದೆ. ಅವನು ವಿಮಾನವನ್ನೂ ಕಿಟಕಿಯನ್ನೂ ನೋಡಿ, "ಇದಕ್ಕಾ ಸಾರ್?" ಎಂದಷ್ಟೇ ಕೇಳಿ ಹೊರಟುಹೋದ.

ನಿಜ ಹೇಳಿದೆನೆಂಬ ಸಮಾಧಾನ ಅತ್ತಿಗೆಯ ಮುಖ ನೋಡುವವರೆಗೆ ಮಾತ್ರ.

"ನಿನ್ನ ಉಳಿಸೋಕೆ ಹೋಗಿ ನಾನು ಸುಳ್ಳಿ ಆದ್ನಲ್ಲಪ್ಪ. ಅವನ ಮುಂದೆ ಹೇಳೋ ಮೊದಲು ನನಗೊಂದು ಮಾತು ಹೇಳಿದ್ರೆ ನಾನೇ ಅವನ ಮನೆಗೆ ಹೋಗಿ ನಿಜ ಹೇಳ್ಕೊಂಡು ಬರ್ತಿದ್ದೆ," ಎಂದರು. ಅದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ಅವರು ತೋಟದಾತನ ಮನೆಗೆ ಒಬ್ಬರೇ ಹೋಗಿಬಂದರು. ನಾನೂ ಬರುತ್ತೇನೆಂದರೆ ಬೇಡವೆಂದರು.

ಮುಂದಿನ ಬೆಳೆ ಚೆನ್ನಾಗಿ ಬಂತು. ಈಗ ಬಣ್ಣದ ಕೆಲಸವನ್ನೆಲ್ಲ ಚಿಂತಾಮಣಿಯಲ್ಲಿ, ಸಹೋದ್ಯೋಗಿಯೊಬ್ಬರ ಶೆಡ್ಡಿನಲ್ಲಿ ಮಾಡುತ್ತೇನೆ. ವಿಮಾನ ಮುಗಿದು ಅಲ್ಲೇ ಕಪಾಟಿನ ಮೇಲಿದೆ. ಚೆನ್ನಾಗಿಯೇ ಬಂದಿದೆ. ಮನೆಗೆ ತರಲು ಮನಸ್ಸು ಒಪ್ಪಿಲ್ಲ.