ಅಂಬಿಗ ನೋಡಿದ್ದು

ಹೋದ ವಾರ ಹರಪನಹಳ್ಳಿಯ ನಮ್ಮ ಮನೆಯ ಮುಂದಿನ ರಸ್ತೆಗೆ ಡಾಂಬರು ಹಾಕಿದರು. ಕಿಟಕಿ ಮುಚ್ಚಿದರೂ ಕಾದ ಡಾಂಬರಿನ ವಾಸನೆ ಒಳಗೆ ಬಂತು. ಒಣಗಿಸಿದ ಬಟ್ಟೆಗೆ, ತಲೆಗೂದಲಿಗೆ ಹತ್ತಿಕೊಂಡು ಬೇಗ ಹೋಗಲೇ ಇಲ್ಲ. ಅಷ್ಟು ದಿನವೂ ನನ್ನ ಕಣ್ಣ ಮುಂದೆ ಇದ್ದದ್ದು ಮಾಗಳದ ಎದುರುಮನೆ ಅಜ್ಜಿ.

ಹರಿಗೋಲಿಗೆ ನೀರು ಒಸರದಂತೆ ಅದರ ತಳಕ್ಕೆ ಡಾಂಬರು ಬಳಿಯುತ್ತಾರೆ. ಹೊಳೆದಂಡೆಯಲ್ಲಿ ಯಾರಾದರೂ ಡಾಂಬರು ಕಾಯಿಸಿದ ದಿನ ಅಜ್ಜಿ ಊಟ ಮುಟ್ಟುತ್ತಿರಲಿಲ್ಲ. ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದಳು. ಮೊದಲ ಸಲ ನೋಡಿದಾಗ ವಾಸನೆ ಆಗಿಬರುವುದಿಲ್ಲವೇನೋ ಅಂದುಕೊಂಡಿದ್ದೆ...

ನಾನು ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಅಪ್ಪ ಅಲ್ಲಿ ಕಾರ್ಖಾನೆಯೊಂದರ ನೌಕರರಾಗಿದ್ದರು. ಅವ್ವ ಮಾಗಳದವಳು, ತುಂಗಭದ್ರೆಯ ದಂಡೆಯಲ್ಲಿ ಆಡಿ ಬೆಳೆದವಳು. ಆದರೆ ಆ ಊರಿನ ಬಗ್ಗೆ ಅವಳು ಒಂದು ಕತೆಯನ್ನೂ ಹೇಳಿದವಳಲ್ಲ. ನನಗೆ ಅವಳು ಕೊಟ್ಟದ್ದು ಊರಿನ ಮಾತನ್ನು ಮಾತ್ರ. ಹೊರಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಒಲೆಯ ಮುಂದೆ ಅವ್ವನ ಕನ್ನಡ. ಅವಳ ಮದುವೆಯಾದ ಮೇಲೆ ಅವಳ ತಂದೆತಾಯಿ ಹೊಲ ಮನೆ ಮಾರಿ ಕೊಟ್ಟೂರಿಗೆ ಹೋಗಿ ಅಲ್ಲೇ ತೀರಿಕೊಂಡರು. ರಜೆಯಲ್ಲಿ ಕೊಟ್ಟೂರಿಗೆ ಬಂದಾಗಲೂ ಅವ್ವ ಮಾಗಳದ ಕಡೆ ತಲೆ ಹಾಕಿದ್ದಿಲ್ಲ.

ಅಪ್ಪ ಹೋದ ಮರುವರ್ಷ ನಾನು ಕಲಿಸುತ್ತಿದ್ದ ಶಾಲೆ ಮುಚ್ಚಿತು. ಆಗ ಹಗರಿಬೊಮ್ಮನಹಳ್ಳಿಯಲ್ಲಿದ್ದ ದೂರದ ಮಾವ ಫೋನು ಮಾಡಿದರು. ‘ನಿಮ್ಮವ್ವನ ಊರ ಕಡೆ ಸಾಲಿಗೆ ಇಂಗ್ಲಿಷ್ ಟೀಚರ್ ಬೇಕಾಗ್ಯಾರ, ಬರ್ತೀಯೇನು?’ ಅಂದರು. ನನಗೆ ಒಳಗೊಳಗೇ ಕುಣಿಯುವಂತಾಯಿತು. ಅವ್ವ ಮಾತ್ರ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿ ಹೇಳಿದಳು: ‘ಎಲ್ಲಿಗೆ ಬೇಕಾದ್ರೂ ಹೋಗವ್ವ. ಅಲ್ಲಿಗೆ ಬ್ಯಾಡ.’

ಯಾಕೆ ಎಂದು ಕೇಳಿದೆ. ‘ಅಲ್ಲಿ ನಮ್ಮೋರು ಯಾರದಾರ?’ ಅಂದಳು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾನು ಹೊರಟೆ.

ಮಾಗಳದಲ್ಲಿ ಬಾಡಿಗೆಗೆ ಸಿಕ್ಕ ಮನೆಯ ಬಾಗಿಲು ತೆರೆದರೆ ಎದುರಿಗೆ ಅಜ್ಜಿಯ ಮನೆ. ಮಗ, ಸೊಸೆ ಹೊಲಕ್ಕೆ ಹೋದ ಮೇಲೆ ಅವಳು ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಬೆಳಗಿನ ಬಸ್ಸಿಗೆ ಅದು ಹಡಗಲಿಯ ಪೇಟೆಗೆ ಹೋಗಬೇಕು. ಉದ್ದನೆಯ ಮೂಳೆಯ ಕೈ, ಹಣೆಯ ತುಂಬ ವಿಭೂತಿ. ಮಾತು ಕಡಿಮೆ. ಮೊದಮೊದಲು ನನ್ನನ್ನು ‘ಟೀಚರ್ರ’ ಎಂದು ಕರೆದು ದೂರದಿಂದಲೇ ಒಂದು ಮೊಳ ಹೂವು ಚಾಚುತ್ತಿದ್ದಳು.

ಶಾಲೆಯಲ್ಲಿ ನನ್ನ ಇಂಗ್ಲಿಷಿಗೆ ಯಾರೂ ನಗಲಿಲ್ಲ. ನಕ್ಕದ್ದು ನನ್ನ ಕನ್ನಡಕ್ಕೆ. ನಾನು ಬಸ್ಸಿಗೆ ‘ಮೋಟಾರು’ ಅನ್ನುತ್ತಿದ್ದೆ, ಪೆನ್ಸಿಲ್ಲಿಗೆ ‘ಸೀಸಕಡ್ಡಿ’ ಅನ್ನುತ್ತಿದ್ದೆ. ‘ಮಿಸ್ಸು ನಮ್ಮ ಮುತ್ತಜ್ಜಿ ಮಾತಾಡಿದಂಗ ಮಾತಾಡ್ತಾರ’ ಎಂದು ಒಬ್ಬ ಹುಡುಗಿ ಹೇಳಿದ ಮೇಲೆ ನನಗೆ ಹೊಳೆಯಿತು. ಅವ್ವ ಊರು ಬಿಟ್ಟಾಗ ಊರು ಹೇಗೆ ಮಾತಾಡುತ್ತಿತ್ತೋ ಅದೇ ಮಾತು ನನ್ನ ಬಾಯಲ್ಲಿತ್ತು. ಊರಿನವರೇ ಅದನ್ನು ಮರೆತಿದ್ದರು.

ಒಂದು ಬೆಳಿಗ್ಗೆ ನಲ್ಲಿಯಲ್ಲಿ ನೀರು ಹಿಡಿದುಕೊಂಡು ಬರುವಾಗ ಬಿಂದಿಗೆ ಸೊಂಟದಿಂದ ಜಾರಿತು. ‘ಹೊಳೆವ್ವಾ, ಹಿಡ್ಕಳವ್ವಾ!’ ಎಂದು ಕೂಗಿದೆ. ಕೈಯಿಂದ ಏನೇ ಜಾರಿದರೂ ಅವ್ವ ಹಾಗೇ ಅನ್ನುತ್ತಿದ್ದಳು, ನನಗೂ ಅದೇ ರೂಢಿ. ಬಿಂದಿಗೆ ಉರುಳಿ ನಿಂತ ಮೇಲೆ ತಲೆ ಎತ್ತಿದರೆ ಅಜ್ಜಿ ಎದುರಿಗೇ ನಿಂತಿದ್ದಳು. ಮಡಿಲಲ್ಲಿದ್ದ ಮೊಗ್ಗೆಲ್ಲ ಬೀದಿಗೆ ಚೆಲ್ಲಿತ್ತು.

‘ಏನಂದ್ರಿ ಟೀಚರ್ರ ಈಗ?’

‘ಏನಿಲ್ರಿ ಅಜ್ಜಿ, ಬಿಂದಿಗಿ ಜಾರ್ತು.’

‘ಅದಲ್ಲ. ಜಾರಿದಾಗ ಏನಂದ್ರಿ?’

ಇನ್ನೊಮ್ಮೆ ಹೇಳಿದೆ. ಅವಳ ತುಟಿ ನನ್ನ ಜೊತೆಗೇ ಅಲುಗಿತು.

‘ಯಾರು ಕಲಿಸ್ಯಾರ ಅದನ್ನ?’

‘ನಮ್ಮವ್ವ ಅಂತಿರ್ತಾಳ್ರಿ.’

‘ನಿಮ್ಮವ್ವ ಯಾರು?’

ಅವ್ವನ ಹೆಸರು ಹೇಳಿದೆ. ಅಜ್ಜಿ ಆ ಒದ್ದೆ ಕಲ್ಲಿನ ಮೇಲೇ ಕೂತುಬಿಟ್ಟಳು. ಚೆಲ್ಲಿದ ಮೊಗ್ಗು ಆರಿಸುತ್ತ ಅಂದಳು: ‘ಅದು ನನ ಮಗಳ ಮಾತು. ಈ ಊರಾಗ ಅಕಿ ಒಬ್ಬಾಕಿನ ಹಂಗ ಅಂತಿದ್ಲು.’

‘ಮಗಳು ಎಲ್ಲಿದಾರ್ರಿ?’ ಅಂದೆ.

‘ಹೊಳ್ಯಾಗ.’

ಆ ಭಾನುವಾರ ಅವ್ವನಿಗೆ ಫೋನು ಮಾಡಿದೆ. ಎದುರುಮನೆಯ ವಿಷಯ ಹೇಳಿದೆ. ಆಮೇಲೆ ಅವ್ವ ಮಾತಾಡಿದಳು. ಅಷ್ಟು ವರ್ಷ ಬಚ್ಚಿಟ್ಟದ್ದನ್ನು ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದಳು. ಅಜ್ಜಿಯ ಮಗಳೂ ಅವ್ವನೂ ಜೀವದ ಗೆಳತಿಯರು. ಆಚೆ ದಂಡೆಯ ಊರಲ್ಲಿ ಬಸುರಿಯಾಗಿದ್ದ ಇನ್ನೊಬ್ಬ ಗೆಳತಿಯ ಕುಬಸ ಇತ್ತು. ಹೊಸ ಸೀರೆ ಉಟ್ಟು ಇಬ್ಬರೂ ಹರಿಗೋಲು ಹತ್ತಿದರು. ಜೊತೆಗಿದ್ದವನು ಅಂಬಿಗ ಒಬ್ಬನೇ. ಮೇಲಿನ ಸೀಮೆಯಲ್ಲಿ ಮಳೆಯಾಗಿ ಹೊಳೆ ಕೆಂಪಾಗಿತ್ತು. ನಡುನೀರಿನಲ್ಲಿ ಹರಿಗೋಲು ಗಿರ್ರನೆ ತಿರುಗಿ ಮಗುಚಿತು. ಅವ್ವನ ಒಂದು ಕೈಗೆ ಹರಿಗೋಲಿನ ಅಂಚು ಸಿಕ್ಕಿತು. ಇನ್ನೊಂದು ಕೈಯನ್ನು ಗೆಳತಿ ಹಿಡಿದಿದ್ದಳು.

‘ಹಿಡ್ಕೊಂಡೇ ಇದ್ಲು. ಆಮ್ಯಾಲೆ ಇರಲಿಲ್ಲ. ನಾನ ಬಿಟ್ಟೆ ಅನ್ಸುತ್ತ... ನಾನ ಬಿಟ್ಟೆ’ ಅಂದಳು ಅವ್ವ.

ಹೆಣ ಸಿಗಲಿಲ್ಲ. ಯಾರೂ ಅವ್ವನನ್ನು ಬೈಯಲಿಲ್ಲ, ಕೇಳಲೂ ಇಲ್ಲ. ಆದರೆ ಅವಳು ಗೆಳತಿಯ ಓಣಿಯಲ್ಲಿ ನಡೆಯುವುದನ್ನು ಬಿಟ್ಟಳು. ಹೊಳೆಯ ನೀರು ಕುಡಿಯುವುದನ್ನು ಬಿಟ್ಟಳು. ಹುಡುಗಿ ಹೀಗೇ ಇದ್ದರೆ ಕೈಗೆ ಸಿಗುವುದಿಲ್ಲವೆಂದು ಅವಳ ಅಪ್ಪ ಅವಸರದಲ್ಲಿ ಪುಣೆಯ ಸಂಬಂಧ ಒಪ್ಪಿಕೊಂಡ. ಗೆಳತಿಯ ತಾಯಿಗೆ ಒಂದು ಮಾತು ಹೇಳದೆ ಅವ್ವ ಊರು ಬಿಟ್ಟಳು. ಗೆಳತಿಯ ಮಾತನ್ನು ಮಾತ್ರ ಬಾಯಲ್ಲಿಟ್ಟುಕೊಂಡು ಹೋದಳು.

ಅಂದಿನಿಂದ ಅಜ್ಜಿ ದಿನವೂ ಸಂಜೆ ನನ್ನ ಹೊಸ್ತಿಲಿಗೆ ಬಂದು ಕೂರತೊಡಗಿದಳು. ನಾನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದರೆ, ‘ಏನರ ಮಾತಾಡು’ ಅನ್ನುತ್ತಿದ್ದಳು. ಟೀಚರ್ರ ಎಂಬುದು ಹೋಗಿ ‘ನೀ’ ಆಗಿತ್ತು. ‘ಇಂಗ್ಲೀಷಿನಾಗ ಬ್ಯಾಡ. ನಿಮ್ಮವ್ವನ ಮಾತಿನಾಗ.’ ನಾನು ಶಾಲೆಯ ಸುದ್ದಿ, ಸಂತೆಯ ಸುದ್ದಿ, ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ ಕೇಳುತ್ತಿದ್ದಳು. ನಾನು ಹೇಳುತ್ತಿದ್ದ ಸುದ್ದಿ ಅವಳಿಗೆ ಬೇಕಿರಲಿಲ್ಲ ಎಂದು ನನಗೆ ಬೇಗ ಗೊತ್ತಾಯಿತು. ಕೆಲವೊಮ್ಮೆ ಮಾತಿನ ನಡುವೆ ಸಣ್ಣಗೆ ನಗುತ್ತಿದ್ದಳು, ನಾನು ನಗುವಂಥದ್ದೇನೂ ಹೇಳಿರುತ್ತಿರಲಿಲ್ಲ...

ನನಗೆ ಹೆದರಿಕೆಯಾಗತೊಡಗಿತು. ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ಒಂದು ಕನ್ನಡ ಪದ ಬಾಯಿಗೆ ಬಂದರೆ, ಇದು ಅವ್ವನದೋ ಆ ಹುಡುಗಿಯದೋ ಎಂದು ತಡೆದು ನಿಲ್ಲುತ್ತಿದ್ದೆ. ಆ ಹುಡುಗಿಯ ಮುಖ ನಾನು ನೋಡಿಲ್ಲ. ಅವಳ ಫೋಟೋ ಕೂಡ ಆ ಮನೆಯಲ್ಲಿರಲಿಲ್ಲ. ಇದ್ದದ್ದು ನನ್ನ ನಾಲಿಗೆಯ ಮೇಲೆ ಮಾತ್ರ. ನೀರು ತರಲು ಹೋದಾಗ ಬಿಂದಿಗೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿಯುತ್ತಿದ್ದೆ.

‘ನಿಮ್ಮವ್ವನ್ನ ಕರಸು’ ಎಂದು ಅಜ್ಜಿ ಒಂದು ಸಂಜೆ ಅಂದಳು.

‘ಅಕಿ ಬರಂಗಿಲ್ರಿ ಅಜ್ಜಿ.’

‘ನಾ ಸಾಯೂದ್ರಾಗ ಬರಬೇಕಂತ ಹೇಳು. ಬೈಯಾಕಲ್ಲ ಅಂತ ಹೇಳು.’

ಹೇಳಿದೆ. ಅವ್ವ ಒಪ್ಪಲಿಲ್ಲ. ಮಳೆಗಾಲ ಕಳೆಯಿತು, ಸಂಕ್ರಾಂತಿ ಕಳೆಯಿತು. ಫೋನಿನಲ್ಲಿ ನಾನು ಅಳುವಷ್ಟು ಜಗಳವಾಯಿತು. ಕೊನೆಗೆ ಬೇಸಿಗೆಯಲ್ಲಿ, ಹೊಳೆ ಬತ್ತಿ ಬಂಡೆಗಳೆಲ್ಲ ಎದ್ದು ಕಾಣುವ ಹೊತ್ತಿಗೆ, ಅವ್ವ ಬಂದಳು. ಬಸ್ಸಿಳಿದು ನನ್ನ ತೋಳು ಹಿಡಿದುಕೊಂಡಳು, ಓಣಿಯ ತುದಿಯವರೆಗೂ ಬಿಡಲಿಲ್ಲ. ಅಲ್ಲಿಂದ ಮುಂದೆ ಅವಳ ಕಾಲೇ ಏಳಲಿಲ್ಲ.

ಅಜ್ಜಿಯೇ ಎದ್ದು ಬಂದಳು. ಒಂದು ತಂಬಿಗೆ ನೀರು ತಂದು ಅವ್ವನ ಕಾಲಿಗೆ ಹಾಕಿದಳು. ‘ಬಾರವ್ವ. ಬಿಸಿಲಾಗ ಬಂದಿ’ ಅಂದಳು, ಅವ್ವ ನಿನ್ನೆ ಮೊನ್ನೆ ಹೋದವಳು ಎಂಬಂತೆ. ಒಳಗೆ ಕೂರಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವ್ವ ತಿನ್ನಲಾರದೆ ತುತ್ತನ್ನು ಕೈಯಲ್ಲಿ ಹಿಡಿದು ಕೂತಿದ್ದಳು.

‘ಅವ್ವಾ, ನಾ ಕೈ ಬಿಟ್ಟೆ’ ಅಂದಳು. ಚಿಕ್ಕಂದಿನಲ್ಲಿ ಗೆಳತಿಯ ತಾಯಿಯನ್ನು ಅವಳು ಹಾಗೇ ಕರೆಯುತ್ತಿದ್ದಳಂತೆ. ‘ಅಕಿ ಹಿಡ್ಕೊಂಡಿದ್ಲು, ನಾ ಬಿಟ್ಟೆ.’

ಅಜ್ಜಿ ಬಡಿಸುವ ಕೈ ನಿಲ್ಲಿಸಲಿಲ್ಲ.

‘ಯಾರಂದ್ರು ನಿನಗ? ಅಂಬಿಗ ಕಣ್ಣಾರೆ ನೋಡ್ಯಾನ. ಹರಗೋಲು ನಿಮ್ಮಿಬ್ರನ್ನೂ ಎಳೀತಿತ್ತು. ಇಬ್ರೂ ಹೋಗ್ತೀವಿ ಅಂತ ಅಕಿಗೆ ತಿಳೀತು. ಅಕಿನ ನಿನ್ನ ಕೈ ಬಿಟ್ಲು. ನೀ ಬಿಡಲಿಲ್ಲ. ನೀ ಹಿಡೀತಿದ್ದಿ, ಅಕಿ ಕೊಸರ್ಕೊಂಡ್ಲು. ಅವತ್ತ ಹೇಳ್ಯಾನ ಅಂವ ನನಗ. ನಿನಗ ಹೇಳಾಣ ಅಂದ್ರ ನೀ ಎಲ್ಲಿ ಸಿಕ್ಕಿ? ಓಡಿ ಹೋದಿ.’

ಅವ್ವ ಅವಳ ಮುಖವನ್ನೇ ನೋಡಿದಳು. ‘ಖರೇನೇನವ್ವ?’

‘ಸತ್ತ ಮಗಳ ಮ್ಯಾಲೆ ಸುಳ್ಳು ಹೇಳ್ತೀನೇನು? ರೊಟ್ಟಿ ತಿನ್ನು.’

ಅವ್ವ ಅತ್ತ ಆ ಅಳುವನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಅಪ್ಪ ಹೋದಾಗಲೂ ಕೇಳಿರಲಿಲ್ಲ. ಆ ಸಂಜೆ ಇಬ್ಬರೂ ಕೈ ಕೈ ಹಿಡಿದು ಹೊಳೆಗೆ ಹೋದರು. ನಾನು ಹಿಂದೆ ನಡೆದೆ. ಅವ್ವ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ಕುಡಿದಳು. ಅಜ್ಜಿ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಅವ್ವ ಪುಣೆಗೆ ಹೋದ ಮೇಲೆ ಅಜ್ಜಿ ನನ್ನ ಹೊಸ್ತಿಲಿಗೆ ಬರುವುದನ್ನು ನಿಲ್ಲಿಸಿದಳು. ಹೂವು ಕೊಡುತ್ತಿದ್ದಳು, ಮಾತಾಡಿಸುತ್ತಿದ್ದಳು. ಆದರೆ ನನ್ನ ಮಾತು ಕೇಳಲು ಕಣ್ಣು ಮುಚ್ಚಿ ಕೂರಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತು ಮಾತು ತೆಗೆದರೆ, ‘ಹೋಗವ್ವ, ನಿನಗ ಕೆಲಸ ಐತಿ’ ಎಂದು ಎಬ್ಬಿಸುತ್ತಿದ್ದಳು. ಎಷ್ಟೋ ದಿನ ನನಗದು ಬೇಸರ ತಂದಿತು. ಮರುವರ್ಷದ ಚಳಿಗಾಲದಲ್ಲಿ, ಸ್ವಲ್ಪ ದಿನ ಮಲಗಿದ್ದು, ತೀರಿಕೊಂಡಳು.

ದಿನಕರ್ಮದ ಊಟಕ್ಕೆ ಊರೆಲ್ಲ ಬಂದಿತ್ತು. ಬಾಗಿಲ ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದ ಮುದುಕನೇ ಆ ಅಂಬಿಗ ಎಂದು ಅಜ್ಜಿಯ ಮಗ ತೋರಿಸಿದರು. ನಾನು ಹೋಗಿ ಅವನ ಹತ್ತಿರ ಕೂತೆ. ಯಾರ ಮಗಳೆಂದು ಹೇಳಿದೆ. ನಮ್ಮವ್ವನನ್ನು ಉಳಿಸಿದ ಮಾತು ನಿಮ್ಮದು ಎಂದೂ ಹೇಳಿದೆ. ಅವತ್ತು ನೋಡಿದ್ದನ್ನು ನಿಮ್ಮ ಬಾಯಿಂದಲೇ ಕೇಳಬೇಕು ಅಂದೆ.

ಅವನು ಕೋಲನ್ನು ಗೋಡೆಗೆ ಒರಗಿಸಿದ.

‘ನಾ ಏನೂ ನೋಡಿಲ್ಲವ್ವ’ ಅಂದ. ‘ಹರಗೋಲು ಮಗುಚಿದ ಕೂಡ್ಲೆ ನಾ ಅದರ ಬುಡಕ ಸಿಕ್ಕಿದ್ದೆ. ಮ್ಯಾಲೆ ಬಂದಾಗ ನಿಮ್ಮವ್ವ ಒಬ್ಬಾಕಿನ ಕಂಡ್ಲು. ಮೊದಮೊದಲು ಈ ಮುದುಕಿ ಹಬ್ಬಕ್ಕೊಮ್ಮೆ ಬಂದು ಕೇಳ್ತಿದ್ಲು, ಏನರ ನೋಡಿದ್ಯೇನು ಅಂತ. ಇಲ್ಲವ್ವ ಅಂತಿದ್ದೆ. ಆಮ್ಯಾಲೆ ಬಿಟ್ಲು. ನಿಮ್ಮವ್ವ ಬರೂ ಮುಂಚೆ ಮತ್ತ ಬಂದ್ಲು. ಯಾರರ ಕೇಳಿದ್ರ ನೋಡೇನಿ ಅನ್ನು, ನನ ಮಗಳ ತಾನಾಗಿ ಕೈ ಬಿಟ್ಲು ಅನ್ನು ಅಂದ್ಲು.’

‘ಮತ್ತೆ ನನಗ ಯಾಕ ಹೇಳಿದ್ರಿ?’

‘ನಿಮ್ಮವ್ವ ಕೇಳಿದ್ರ ನೋಡೇನಿ ಅಂತ ಹೇಳ್ತಿದ್ದೆ. ಆಣಿ ಮಾಡಿ ಹೇಳ್ತಿದ್ದೆ. ನೀವು ಕೇಳೀರಿ... ಒಬ್ರಿಗರ ಗೊತ್ತಿರ್ಲಿ, ಅಕಿ ಏನು ಕೊಟ್ಲು ಅಂತ.’

ಆಗ ಗೊತ್ತಾಯಿತು, ಹೊಳೆದಂಡೆಯ ಮೇಲೆ ಅಜ್ಜಿಯ ಮುಖ ಯಾಕೆ ಹಾಗಿತ್ತೆಂದು. ಅಷ್ಟು ವರ್ಷವೂ ಅವಳ ಮನಸ್ಸಿನಲ್ಲಿ ಮಗಳು ಕೊನೆಯ ಗಳಿಗೆಯವರೆಗೆ ಬದುಕನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದಳು. ಆ ಮಗಳನ್ನು ಅಜ್ಜಿ ನಮ್ಮವ್ವನಿಗಾಗಿ ತಾನೇ ಬಿಟ್ಟುಕೊಟ್ಟಳು. ಆಮೇಲೆ ನನ್ನ ಬಾಯಿಂದ ಆ ಮಗಳ ಮಾತು ಕೇಳುವ ಧೈರ್ಯವಾದರೂ ಹೇಗೆ ಉಳಿದೀತು... ಅಥವಾ ಇದೂ ನನ್ನ ಊಹೆಯೇ ಇರಬಹುದು. ಕೇಳೋಣವೆಂದರೆ ಅಜ್ಜಿಯಿಲ್ಲ.

ಈಗ ನಾನು ಹರಪನಹಳ್ಳಿಯಲ್ಲಿ ಕಲಿಸುತ್ತೇನೆ. ಅವ್ವ ನನ್ನ ಜೊತೆ ಇದ್ದಾಳೆ. ಪುಣೆಯಲ್ಲಿ ಒಂದು ಕತೆಯನ್ನೂ ಹೇಳದವಳು ಈಗ ಚಹಾ ಸೋಸುವಾಗ, ಬಟ್ಟೆ ಮಡಿಸುವಾಗ ಆ ಗೆಳತಿಯ ಮಾತು ತೆಗೆಯುತ್ತಾಳೆ. ಹುಣಸೆಮರ ಹತ್ತಿ ಇಳಿಯಲು ಬಾರದೆ ಅತ್ತದ್ದು, ಮಾಸ್ತರರ ಚಪ್ಪಲಿ ಅಡಗಿಸಿಟ್ಟದ್ದು. ಹೇಳುತ್ತ ನಗುತ್ತಾಳೆ. ಅಂಬಿಗ ತೀರಿಕೊಂಡನೆಂಬ ಸುದ್ದಿ ಕಳೆದ ತಿಂಗಳು ಬಂತು. ಅವ್ವನಿಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿ ಹೇಳಿದೆ.

‘ಒಂದು ಸಲ ಹೋಗಿ ಅವನ್ನ ಕೇಳಬೇಕಿತ್ತು ಅಂತ ನಿನಗ ಅನ್ನಿಸಲಿಲ್ಲೇನವ್ವ?’ ಎಂದು ಕೇಳಿದೆ. ಯಾಕೆ ಕೇಳಿದೆನೋ...

ಅವ್ವ ಬಾಗಿಲ ಹೊರಗೆ ನೋಡುತ್ತಿದ್ದಳು.

‘ಅವನ್ನ ಯಾಕ ಕೇಳಬೇಕು? ಅವ್ವ ಹೇಳ್ಯಾಳಲ್ಲ. ಅಷ್ಟು ಸಾಕು’ ಅಂದಳು.

ಅವಳಿಗೆ ಗೊತ್ತಿದೆಯೋ ಇಲ್ಲವೋ, ನಾನು ಕೆದಕಲಿಲ್ಲ. ಅಂಬಿಗ ಏನೂ ನೋಡಿರಲಿಲ್ಲ ಎಂದು ಖಚಿತವಾಗಿ ಬಲ್ಲವಳು ಇನ್ನು ನಾನೊಬ್ಬಳೇ.